ಆಷಾಢದಲ್ಲಿ ರಾಗಿ ಸರಿ: ಒಣಗಿಸುವ ಪೆಟ್ಟಿಗೆಯಿಂದ ಡಬ್ಬಿಯವರೆಗೆ

ಸಾಗರದ ಮಳೆಗಾಲದಲ್ಲಿ ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸುವುದು ಸುಲಭವಲ್ಲ. ಮೋಡ ಸರಿಯಿತೆಂದು ಚಾಪೆ ಹಾಸುವಷ್ಟರಲ್ಲಿ ಮತ್ತೆ ಹನಿ ಶುರು. ಬಾಣಂತನಕ್ಕೆ ಬಂದಿದ್ದ ತಂಗಿಯ ಮಗಳಿಗೆ ಆರು ತಿಂಗಳು ತುಂಬುವುದು ಸರಿಯಾಗಿ ಆಷಾಢದಲ್ಲೇ. ಅವಳ ಮೊದಲ ಊಟಕ್ಕೆ ರಾಗಿ ಸರಿ, ಅಂದರೆ ಮೊಳಕೆ ರಾಗಿ ಹಿಟ್ಟಿನ ನುಣ್ಣನೆಯ ಗಂಜಿ, ಆಗಬೇಕಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರಾಯಿತು, ಹಿಂದೆ ಹಾಗೆಯೇ ಮಾಡುತ್ತಿದ್ದೆವು ಎಂದು ಅಮ್ಮ ಹೇಳಿದಳು. ಆದರೆ ಅಟ್ಟದಲ್ಲಿ ಒಣಗಿದ ಯಾವ ಧಾನ್ಯಕ್ಕೂ ಹೊಗೆಯ ವಾಸನೆ ಹಿಡಿಯುತ್ತದೆ. ಹಲಸಿನ ಹಪ್ಪಳಕ್ಕೆ ಅದು ಸೊಗಸು, ಮೊದಲ ಬಾರಿ ಚಮಚ ನೋಡುವ ಮಗುವಿಗೆ ಅಲ್ಲ. ಅಂಗಡಿಯಲ್ಲಿ ಮೊಳಕೆ ರಾಗಿ ಹಿಟ್ಟು ಸಿಗುತ್ತದೆ, ನಿಜ. ಅದನ್ನು ಹೇಗೆ ಒಣಗಿಸಿದರು, ಎಷ್ಟು ಹುರಿದರು ಎಂಬುದು ಮಾತ್ರ ಪೊಟ್ಟಣದ ಮೇಲೆ ಇರುವುದಿಲ್ಲ. ಸರಿಯ ಗುಣವೆಲ್ಲ ನಿಂತಿರುವುದು ಆ ಎರಡು ಕೆಲಸಗಳ ಮೇಲೆಯೇ. ಹಾಗಾಗಿ ಒಣಗಿಸುವ ಪೆಟ್ಟಿಗೆಯೊಂದನ್ನು ಮಾಡಲು ಹೊರಟೆ.

ಪೆಟ್ಟಿಗೆ

ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುವಾಗ ಅದೇ ಗಾಳಿಯಿಂದ ಒಣಗಿಸುವುದು ಹೇಗೆ ಎಂದು ತಂಗಿ ಕೇಳಿದಳು. ಉತ್ತರ ಇರುವುದು ಉಷ್ಣಾಂಶದಲ್ಲಿ. ಹೊರಗೆ 23 ಡಿಗ್ರಿ, ಆರ್ದ್ರತೆ ಶೇ. 95 ಇರುವ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇ. 22ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ಇನ್ನಷ್ಟು ನೀರನ್ನು ಹೀರಿಕೊಳ್ಳುವ ಶಕ್ತಿ ಮಾತ್ರ ಹೆಚ್ಚುತ್ತದೆ. ಹೀಗೆ ನೀರು ಹೀರಿದ ಗಾಳಿ ಹೊರಗೆ ಹೋಗಲೇಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಬಲ್ಬು ಉರಿಸಿಟ್ಟರೆ ರಾಗಿ ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಪ್ಲೈವುಡ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಬಿಸಿಯಾದಾಗ ಅದರ ಅಂಟಿನ ವಾಸನೆ ಬಿಡುತ್ತದೆ. ಅಟ್ಟದ ಮೇಲೆ ಹಲಸಿನ ಹಲಗೆಗಳು ಬಿದ್ದಿದ್ದವು, ಬಣ್ಣ ವಾರ್ನಿಷ್ ಯಾವುದೂ ಕಾಣದವು. ಅವನ್ನು ಕೊಯ್ದು 75 ಸೆಂಟಿಮೀಟರ್ ಎತ್ತರ, 45 ಅಗಲ, 40 ಆಳದ ಗೂಡು ಮಾಡಿದೆ. ಮುಂದೆ ಒಂದು ಬಾಗಿಲು. ತಳದ ಬದಿಯಲ್ಲಿ ಗಾಳಿ ಒಳಬರಲು ಫ್ಯಾನಿನ ಅಳತೆಯ ಕಿಂಡಿ, ಮೇಲೆ ಹಿಂಬದಿಯಲ್ಲಿ ಹೊರಹೋಗಲು ಅಂಗೈಯಷ್ಟು ಅಗಲದ ಎರಡು ತೂತು. ಎಲ್ಲಕ್ಕೂ ಸೊಳ್ಳೆ ಪರದೆ. ಮಳೆಗಾಲದ ರಾತ್ರಿ ದೀಪ ಕಂಡರೆ ಸಾಕು, ಊರಿನ ಹುಳುಗಳೆಲ್ಲ ಅಲ್ಲಿಗೇ ಬರುತ್ತವೆ.

ಶಾಖಕ್ಕೆ 100 ವ್ಯಾಟಿನ ಎರಡು ಬಲ್ಬುಗಳು. ಎಲ್‌ಇಡಿ ಬಂದ ಮೇಲೆ ಹಳೆಯ ತಂತಿ ಬಲ್ಬು ಹುಡುಕುವುದೇ ಕಷ್ಟವಾಗಿದೆ. ಕೋಳಿಮರಿಗಳಿಗೆ ಶಾಖ ಕೊಡಲು ಹಾಕುವ ಬಲ್ಬು ಕೋಳಿ ಆಹಾರದ ಅಂಗಡಿಯಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಆಗಬೇಕು. ಒಳಗಿನ ತಂತಿ ಶಾಖ ತಡೆಯುವ ಹೊದಿಕೆಯದು, ಪ್ಲಗ್ ಅರ್ತಿಂಗ್ ಇರುವ ಮೂರು ಪಿನ್ನಿನದು. ಬಲ್ಬುಗಳ ಸುತ್ತ ಜಾಲರಿಯ ಗೂಡು, ಅದರ ಮೇಲೆ ನಾಲ್ಕು ಬದಿಗೂ ಗಾಳಿಗೆ ಜಾಗ ಬಿಟ್ಟು ಒಂದು ಸ್ಟೀಲ್ ತಗಡು. ಈ ತಗಡಿನ ವಿಷಯದಲ್ಲಿ ಜಿಪುಣತನ ಸಲ್ಲದು. ಮೇಲಿನಿಂದ ಉದುರುವ ಬೇರು, ಹೊಟ್ಟು ಬಲ್ಬಿನ ಮೇಲೆ ಬಿದ್ದು ಸೀಯಬಾರದು. ಬಲ್ಬು ಒಡೆದರೂ ಗಾಜಿನ ಚೂರು ಧಾನ್ಯದತ್ತ ಸಿಡಿಯಬಾರದು.

ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟಿನ ಫ್ಯಾನು ತಳದ ಕಿಂಡಿಗೆ ಕೂತಿತು. ಉಷ್ಣಾಂಶಕ್ಕೆ ಮೊಟ್ಟೆ ಮರಿ ಮಾಡುವ ಯಂತ್ರಕ್ಕೆ ಬಳಸುವ ಚಿಕ್ಕ ಡಿಜಿಟಲ್ ನಿಯಂತ್ರಕ. ಅದರ ಸೆನ್ಸರನ್ನು ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಹತ್ತಿರ ಕಟ್ಟಿದೆ, ಏಕೆಂದರೆ ಅತಿ ಬಿಸಿಯಾದ ಗಾಳಿ ತಾಗುವುದು ಅಲ್ಲಿಗೆ. ನಿಯಂತ್ರಕದ ರಿಲೇ (ಬಲ್ಬನ್ನು ಹೊತ್ತಿಸಿ ಆರಿಸುವ ಒಳಗಿನ ಸ್ವಿಚ್ಚು) ಎಂದಾದರೂ ಅಂಟಿಕೊಂಡು ಬಲ್ಬು ಆರದೇ ಹೋದರೆ? ಅದಕ್ಕಾಗಿ 77 ಡಿಗ್ರಿಗೆ ಕಡಿದುಹೋಗುವ ಥರ್ಮಲ್ ಫ್ಯೂಸನ್ನು ಬಲ್ಬಿನ ಸಾಲಿನಲ್ಲೇ ಸೇರಿಸಿದೆ. ಮರದ ಪೆಟ್ಟಿಗೆಯೊಳಗೆ ಶಾಖ ಇಡುವವರು ಈ ಭಾಗವನ್ನು ಬಿಡಬಾರದು.

ತಟ್ಟೆಗಳು ಮೂರು. ಮರದ ಪಟ್ಟಿಯ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ಅದರ ಮೇಲೆ ಒಗೆದು ಕುದಿಸಿದ ಹಳೆಯ ಪಂಚೆಯ ತುಂಡು. ಸತು ಲೇಪಿಸಿದ ಅಗ್ಗದ ಜಾಲರಿ ಬೇಡ, ತೇವವಿರುವ ಆಹಾರ ತಾಗುವ ಜಾಗಕ್ಕೆ ಅದು ತಕ್ಕದ್ದಲ್ಲ.

ರಾಗಿ

ನಮ್ಮ ಕಡೆ ರಾಗಿ ಬೆಳೆಯುವವರು ಕಡಿಮೆ. ಕಡೂರಿನ ಪರಿಚಯದವರೊಬ್ಬರ ಹೊಲದ್ದನ್ನು ತರಿಸಿದೆವು. ಯಾವ ತಳಿ ಎಂದು ಕೇಳಿದರೆ ಜಿಪಿಯು-28 ಎಂದರು. ಅಮ್ಮನಿಗೆ ಇಂಡಾಫ್ ಒಂದೇ ಗೊತ್ತು. ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ತಂದ ತಳಿಗಳವು. ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದರು. ಸರಿಗೆ ತಳಿ ಯಾವುದಾದರೂ ನಡೆಯುತ್ತದೆ. ಬೇಕಾದದ್ದು ಜೀವ ಇರುವ ಕಾಳು. ಒದ್ದೆ ಬಟ್ಟೆಯ ಮೇಲೆ ನೂರು ಕಾಳು ಎಣಿಸಿ ಇಟ್ಟು ನೋಡಿ. ತೊಂಬತ್ತಕ್ಕಿಂತ ಕಡಿಮೆ ಮೊಳೆತರೆ ಆ ರಾಗಿಯನ್ನು ಮುದ್ದೆಗೆ ಬಳಸಿ, ಸರಿಗೆ ಬೇಡ. ಮೊಳೆಯದ ಕಾಳು ಒದ್ದೆ ಗಂಟಿನೊಳಗೆ ಸುಮ್ಮನೆ ಕೊಳೆಯುತ್ತದೆ. ಚೆನ್ನಾಗಿ ಮೊಳೆಯುತ್ತದೆಂದು ಬಿತ್ತನೆ ಬೀಜದ ಚೀಲಕ್ಕೆ ಕೈ ಹಾಕುವವರಿದ್ದಾರೆ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಬೆರೆಸಿರುತ್ತಾರೆ, ಅದನ್ನು ಮನುಷ್ಯರು ತಿನ್ನುವಂತಿಲ್ಲ.

ಮೊರದಲ್ಲಿ ಕೇರಿ, ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯುವ ಕೆಲಸ ಅಮ್ಮನದು. ನಾನು ಜಾಲಿಸಿದರೆ ಕಲ್ಲಿನ ಜೊತೆ ರಾಗಿಯೂ ತಳದಲ್ಲೇ ಉಳಿಯುತ್ತದೆ. ಅಮ್ಮನ ಕೈಯಲ್ಲಿ ಪಾತ್ರೆ ಅರ್ಧ ತಿರುವಿಗೆ ಒಮ್ಮೆ ನಿಂತು, ನೀರಿನ ಅಲೆಯೊಂದಿಗೆ ರಾಗಿ ಮಾತ್ರ ಪಕ್ಕದ ಪಾತ್ರೆಗೆ ಹೊರಳುತ್ತದೆ. ಕೊನೆಗೆ ತಳದಲ್ಲಿ ಉಳಿದದ್ದು ಒಂದು ಚಿಟಿಕೆ ಮರಳು, ರಾಗಿಯದೇ ಬಣ್ಣ, ರಾಗಿಯದೇ ಗಾತ್ರ. ಕಣ್ಣಿನಿಂದ ಆರಿಸುವುದು ಅಸಾಧ್ಯ.

ಮೊಳಕೆ

ಒಂದು ಕಿಲೊ ರಾಗಿಯನ್ನು ರಾತ್ರಿ ನೆನೆಸಿ, ನಡುವೆ ನೀರು ಬದಲಿಸಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿದೆವು. ನೆಂದ ಮೇಲೆ ತೂಕ ಒಂದೂವರೆ ಕಿಲೊ ಹತ್ತಿರ. ಬಯಲುಸೀಮೆಯ ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ. ಇಲ್ಲಿಯ ತಂಪಿನಲ್ಲಿ ಎರಡು ದಿನ ಹಿಡಿಯುತ್ತದೆ. ಗಂಟನ್ನು ಆಗಾಗ ಬಿಚ್ಚಿ, ಕಾಳನ್ನು ತಿರುವಿ ನೀರು ಚಿಮುಕಿಸಬೇಕು. ಮೊಳೆಯುವ ಧಾನ್ಯ ಉಸಿರಾಡುತ್ತದೆ, ಶಾಖ ಬಿಡುತ್ತದೆ. ಗಂಟಿನ ನಡುವೆ ಕೈ ಹಾಕಿದರೆ ಬೆಚ್ಚಗೆ ಇರುತ್ತದೆ. ತಿರುವದೇ ಬಿಟ್ಟರೆ ಆ ಜಾಗ ಲೋಳೆಯಾಗುತ್ತದೆ.

ಮೂಸಿ ನೋಡುವುದೇ ಪರೀಕ್ಷೆ. ಹಸಿ ಸೌತೆಕಾಯಿಯ ವಾಸನೆ ಬಂದರೆ ಸರಿ. ಹುಳಿ ಬಂದರೆ, ಲೋಳೆ ಕಂಡರೆ, ಬೂದು ಬಣ್ಣದ ನೂಲು ಕಂಡರೆ ಪೂರ್ತಿ ಗಂಟನ್ನೇ ಚೆಲ್ಲಬೇಕು. ಹುರಿದರೆ ಸರಿಹೋಗುತ್ತದೆ ಎಂಬ ಮಾತಿಗೆ ಬೆಲೆ ಕೊಡಬೇಡಿ. ಬೂಷ್ಟು ಬಿಡುವ ವಿಷ ಹುರಿದರೂ ಹೋಗುವುದಿಲ್ಲ.

ಬಿಳಿ ಬೇರು ಅರ್ಧ ಸೆಂಟಿಮೀಟರಿನಷ್ಟು ಬಂದಾಗ ನಿಲ್ಲಿಸಿದೆವು. ಇನ್ನೂ ಬಿಟ್ಟರೆ ಕಾಳಿನೊಳಗಿನ ಸತ್ವವನ್ನೇ ತಿಂದು ಮೊಳಕೆ ಬೆಳೆಯುತ್ತದೆ, ಹಿಟ್ಟು ಕಹಿಯಾಗುತ್ತದೆ.

ಇಷ್ಟೆಲ್ಲ ಮಾಡುವುದು ಯಾಕೆ ಎಂಬುದಕ್ಕೆ ಉತ್ತರ ಮಗುವಿನ ಹೊಟ್ಟೆಯ ಅಳತೆಯಲ್ಲಿದೆ. ಮಗುವಿನ ಜಠರ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೊಗೆ ಸುಮಾರು 30 ಮಿಲಿಲೀಟರ್. ಏಳು ಕಿಲೊ ಮಗುವಿಗೆ 210. ಅದರಲ್ಲಿ ಎದೆಹಾಲಿಗೂ ಜಾಗ ಬೇಕು. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಹೊರಗಿನ ಆಹಾರದಿಂದ ಬರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ರಾಗಿಯ ಮಟ್ಟಿಗೆ ಅದು 60 ಗ್ರಾಂ ಹಿಟ್ಟು. ಸಾಮಾನ್ಯ ರಾಗಿ ಹಿಟ್ಟು ಹೆಚ್ಚು ಹಾಕಿದರೆ ಮುದ್ದೆಯಾಗುತ್ತದೆ, ಮಗು ನುಂಗಲಿ ಎಂದು ನೀರು ಸೇರಿಸುತ್ತಾ ಹೋದರೆ ಆ 60 ಗ್ರಾಂ ಒಂದು ಲೀಟರ್ ಗಂಜಿಯಾಗುತ್ತದೆ. ಅಷ್ಟನ್ನು ಯಾವ ಮಗು ಕುಡಿಯುತ್ತದೆ? ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಸರಿ ಬಿಸಿಯಾಗುವಾಗ ಅದು ಪಿಷ್ಟವನ್ನು ಕತ್ತರಿಸಿ ತೆಳುವಾಗಿಸುತ್ತದೆ. ಆಗ ಅದೇ ನೀರಿಗೆ ಎರಡು ಪಟ್ಟು ಹಿಟ್ಟು ಹಾಕಿದರೂ ಚಮಚದಲ್ಲಿ ಕೊಡುವ ಹದ ಉಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳಿನಿಂದ ಇಂಥ ಶಿಶು ಆಹಾರ ರೂಪಿಸಿ ಪ್ರಕಟಿಸಿದ್ದರು. ಅಜ್ಜಿಯರು ಅದಕ್ಕೂ ಮೊದಲಿನಿಂದ ಮಾಡುತ್ತಿದ್ದರು, ಕಿಣ್ವದ ಹೆಸರು ಹೇಳದೆ.

ಒಣಗಿಸಿದ್ದು

ಮೂರು ತಟ್ಟೆಗಳಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿದೆವು. ದಪ್ಪ ಹೆಚ್ಚಾದರೆ ಮೇಲಿನದು ಒಣಗಿದರೂ ಕೆಳಗಿನದು ಮೊಳೆಯುತ್ತಲೇ ಇರುತ್ತದೆ. ನಿಯಂತ್ರಕವನ್ನು ಮೊದಲು 50 ಡಿಗ್ರಿಗೆ ಇಟ್ಟೆ. ಕಾಳು ಒದ್ದೆ ಇರುವಾಗ ಶಾಖ ಹೆಚ್ಚಾದರೆ ನಾವು ಕಷ್ಟಪಟ್ಟು ಹುಟ್ಟಿಸಿದ ಕಿಣ್ವವೇ ಸಾಯುತ್ತದೆ. ಒಣಗಿದ ಕಾಳಿನಲ್ಲಿ ಅದೇ ಕಿಣ್ವ ಹೆಚ್ಚು ಶಾಖ ತಾಳುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಮಾತ್ರ 60ಕ್ಕೆ ಏರಿಸಿದೆ.

ಬೆಳಿಗ್ಗೆ ಹಚ್ಚಿದರೆ ಕತ್ತಲಾಗುವ ಹೊತ್ತಿಗೆ ಮುಗಿಯುತ್ತದೆ. ಮನೆಯವರು ಎಚ್ಚರವಿರುವ ಹೊತ್ತಿನಲ್ಲೇ ಓಡಿಸಬೇಕೆಂಬುದು ನನ್ನ ನಿಯಮ. ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದಕ್ಕೆ ತೇವ ಹೊತ್ತ ಗಾಳಿಯೇ ತಲುಪುತ್ತದೆ. ಗಂಟೆಗೊಮ್ಮೆ ತಟ್ಟೆಗಳ ಸ್ಥಾನ ಬದಲಿಸಿದೆವು. ವಿದ್ಯುತ್ ಎರಡು ಯೂನಿಟ್ಟಿನ ಸುತ್ತ ಖರ್ಚಾಗುತ್ತದೆ.

ಒಣಗಿತೇ ಎಂಬುದನ್ನು ಹೇಳುವ ಹಳೆಯ ವಿಧಾನ ಹಲ್ಲಿನಲ್ಲಿ ಕಡಿದು ನೋಡುವುದು. ಟಕ್ಕೆಂದು ಒಡೆಯಬೇಕು. ನನಗೆ ತಕ್ಕಡಿಯ ಮೇಲೆ ನಂಬಿಕೆ ಹೆಚ್ಚು. ಅಂಗಡಿಯ ಒಂದು ಕಿಲೊ ರಾಗಿಯಲ್ಲಿ ಸುಮಾರು ಶೇ. 12 ನೀರೇ ಇರುತ್ತದೆ, ಒಣ ಪದಾರ್ಥ 880 ಗ್ರಾಂ. ತೊಳೆಯುವಾಗ, ಮೊಳೆಯುವಾಗ ಅದರಲ್ಲಿ ಒಂದಿಷ್ಟು ಕರಗುತ್ತದೆ. ಉಳಿದದ್ದು ಶೇ. 8ರ ತೇವಕ್ಕೆ ಬಂದಾಗ ತಟ್ಟೆಗಳ ಮೇಲೆ ಒಟ್ಟು 900 ಗ್ರಾಂ ಚಿಲ್ಲರೆ ಇರಬೇಕು. 950 ತೋರಿಸುತ್ತಿದ್ದರೆ ಕೈಗೆ ಎಷ್ಟೇ ಒಣಗಿದಂತೆ ಕಂಡರೂ ಪೆಟ್ಟಿಗೆ ನಿಲ್ಲಿಸಬೇಡಿ. ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಕೆಲಸ ಮುಗಿದಂತೆ. ಮಳೆಗಾಲದಲ್ಲಿ ಹಿಟ್ಟು ಮುಗ್ಗುವುದು ಡಬ್ಬಿಯ ದೋಷದಿಂದ ಎಂದುಕೊಳ್ಳುತ್ತೇವೆ. ಬಹುತೇಕ ಸಲ ಅದು ಒಳಗೆ ಹೋದದ್ದೇ ಅರೆಬರೆ ಒಣಗಿ.

ಒಣಗಿದ ರಾಗಿಯನ್ನು ಎರಡು ಅಂಗೈಗಳ ನಡುವೆ ಉಜ್ಜಿದರೆ ಬೇರುಗಳು ನೂಲಿನಂತೆ ಉದುರುತ್ತವೆ. ಮೊರದಲ್ಲಿ ಕೇರಿ ಹಾರಿಸಬೇಕು. ಕಹಿ ಇರುವುದು ಆ ಬೇರಿನಲ್ಲಿ.

ಹುರಿಯುವ ಬಗ್ಗೆ ನಡೆದ ವಾದ

ಅಮ್ಮನ ಪ್ರಕಾರ ಘಮ ಬೀದಿಗೆ ಬರುವವರೆಗೆ ಹುರಿಯಬೇಕು. “ಹಸಿ ವಾಸನೆ ಹೋಗದಿದ್ದರೆ ಮಗುವಿಗೆ ಹೊಟ್ಟೆ ನೋಯುತ್ತದೆ ಕಣೋ” ಎಂದಳು. ಹಾಗೆ ಹುರಿದರೆ ರುಚಿ ಬರುತ್ತದೆ, ಕಿಣ್ವ ಹೋಗುತ್ತದೆ, ಮೊಳಕೆ ಬರಿಸಿದ ಶ್ರಮ ಅರ್ಧ ವ್ಯರ್ಥ ಎಂದು ನಾನು. ವಾದ ಮಾಡುವ ಬದಲು ಎರಡೂ ಮಾಡೋಣವೆಂದು ತಂಗಿ ತೀರ್ಪು ಕೊಟ್ಟಳು. ಒಂದು ಪಾಲನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, 70ರಿಂದ 75 ಡಿಗ್ರಿ ದಾಟದಂತೆ ಕೈಯಾಡಿಸಿದೆ. ಕಾಳನ್ನು ಮುಷ್ಟಿಯಲ್ಲಿ ಹಿಡಿದರೆ ಬಿಸಿ ತಾಗಬೇಕು, ಕೈ ಸುಡಬಾರದು. ಇನ್ನೊಂದು ಪಾಲನ್ನು ಅಮ್ಮ ಒಂದೆರಡು ಕಾಳು ಅರಳುವವರೆಗೆ ಹುರಿದಳು. ಜೊತೆಗೆ ಮೊಳಕೆ ಬರಿಸದ ಸಾದಾ ರಾಗಿ ಹಿಟ್ಟನ್ನೂ ತೆಗೆದಿಟ್ಟೆವು.

ಬೀಸಿ, ಜರಡಿ ಹಿಡಿದು

ಗಿರಣಿಗೆ ಕೊಡಲಿಲ್ಲ. ನಮಗಿಂತ ಮೊದಲು ಅಲ್ಲಿ ಮೆಣಸಿನಪುಡಿಯೋ ಗೋಧಿಯೋ ಬೀಸಿರುತ್ತಾರೆ. ಗಿರಣಿಯೇ ಗತಿ ಎನ್ನುವವರು ಬೆಳಿಗ್ಗೆ ಮೊದಲ ಗಿರಾಕಿಯಾಗಿ ಹೋಗಿ, ಒಂದೆರಡು ಸೇರು ಸಾದಾ ರಾಗಿಯನ್ನು ಮುಂಚೆ ಹಾಕಿಸಿ, ಆ ಹಿಟ್ಟನ್ನು ದೊಡ್ಡವರ ರೊಟ್ಟಿಗೆ ಇಟ್ಟುಕೊಳ್ಳುವುದು ಮೇಲು. ನಾವು ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ, ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿದೆವು.

ಸ್ಟೀಲ್ ಜರಡಿಯ ನಂತರ ವಸ್ತ್ರಗಾಳಿತ. ಪಾತ್ರೆಯ ಬಾಯಿಗೆ ತೆಳುವಾದ ಪಂಚೆಯನ್ನು ಡೊಳ್ಳಿನ ಚರ್ಮದ ಹಾಗೆ ಬಿಗಿದು ಕಟ್ಟಿ, ಮೇಲೆ ಪುಡಿ ಹಾಕಿ ಅಂಗೈಯಿಂದ ತಟ್ಟುತ್ತಾ ಸವರುವುದು. ಕೆಳಗೆ ಇಳಿಯುವುದು ಬೂದುಗುಲಾಬಿ ಬಣ್ಣದ, ಬೆರಳಿಗೆ ಹರಳು ತಾಗದ ಪುಡಿ. ಮೇಲೆ ಉಳಿಯುವುದು ಕಂದು ಹೊಟ್ಟು. ಒಂದು ಕಿಲೊದಿಂದ ನಯವಾದ ಹಿಟ್ಟು ಮುಕ್ಕಾಲು ಕಿಲೊಗಿಂತ ಕಡಿಮೆಯೇ ಬರುತ್ತದೆ.

ಇಲ್ಲೊಂದು ನಷ್ಟವಿದೆ. ರಾಗಿಯನ್ನು ನಾವು ಹೊಗಳುವುದೇ ಸುಣ್ಣದ ಅಂಶಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ. ಅದರಲ್ಲಿ ದೊಡ್ಡ ಪಾಲು ಇರುವುದು ಹೊರಸಿಪ್ಪೆಯಲ್ಲಿ, ಬಟ್ಟೆಯ ಮೇಲೆ ಉಳಿಯುವ ಆ ಹೊಟ್ಟಿನಲ್ಲಿ. ಆದರೆ ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಅಂಶಗಳೂ ಅದೇ ಸಿಪ್ಪೆಯಲ್ಲಿ ಹೆಚ್ಚು, ಎಳೆಯ ಕರುಳಿಗೆ ನಾರೂ ಭಾರ. ಹಾಗಾಗಿ ಮೊದಲ ಎರಡು ತಿಂಗಳು ವಸ್ತ್ರಗಾಳಿತ, ಆಮೇಲೆ ಬರೀ ಜರಡಿ ಹಿಡಿದದ್ದು ಎಂದು ನಿರ್ಧರಿಸಿದೆವು. ಹೊಟ್ಟು ದೋಸೆ ಹಿಟ್ಟಿಗೆ ಹೋಯಿತು. ಕರಾವಳಿಯ ಕಡೆ ಮಾಡುವ ರಾಗಿ ಮಣ್ಣಿಯಲ್ಲಿ ನೆನೆಸಿದ ರಾಗಿಯನ್ನು ರುಬ್ಬಿ ಬಟ್ಟೆಯಲ್ಲಿ ಹಾಲು ಹಿಂಡುತ್ತಾರೆ. ಅದು ಇನ್ನೂ ನಯ, ಅಷ್ಟೇ ಹೆಚ್ಚು ನಷ್ಟ, ದಿನಾ ರುಬ್ಬುವ ಕೆಲಸ ಬೇರೆ.

ಬೇಯಿಸಿ ನೋಡಿದ್ದು

ಮೂರು ಚಿಕ್ಕ ಪಾತ್ರೆಗಳಲ್ಲಿ 100 ಮಿಲಿಲೀಟರ್ ತಣ್ಣೀರು, ಒಂದೊಂದಕ್ಕೆ 15 ಗ್ರಾಂ ಹಿಟ್ಟು. ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಇಟ್ಟೆವು. ಸಾದಾ ರಾಗಿ ಬಿಸಿಯಾಗುತ್ತಲೇ ಬಿಗಿದು, ಚಮಚ ಎತ್ತಿದರೆ ಪಾತ್ರೆಯೂ ಜೊತೆಗೆ ಬರುವಂತಾಯಿತು. ಅಮ್ಮ ಹುರಿದದ್ದು ಅದಕ್ಕಿಂತ ಸಡಿಲ, ಆದರೂ ಗಟ್ಟಿ. ಸಣ್ಣ ಉರಿಯಲ್ಲಿ ಕೈಯಾಡಿಸಿದ ಹಿಟ್ಟು ಮಾತ್ರ ಒಮ್ಮೆ ದಪ್ಪವಾಗಿ, ಮತ್ತೆ ನೋಡನೋಡುತ್ತಲೇ ಸಡಿಲಗೊಂಡು, ಚಮಚದಿಂದ ನಿಧಾನ ಇಳಿಯುವ ಹದಕ್ಕೆ ಬಂದು ನಿಂತಿತು. ನೀರು ಸೇರಿಸಿದ್ದೀಯಾ ಎಂದು ಅಮ್ಮ ಅನುಮಾನದಿಂದ ಕೇಳಿದಳು. ಇಲ್ಲ. ಘಮದಲ್ಲಿ ಅಮ್ಮನದೇ ಮೇಲು ಎಂಬುದನ್ನೂ ಒಪ್ಪಬೇಕು. ಅದನ್ನು ನಾವು ಹಾಲಿಗೆ ಹಾಕಿ ಕುಡಿದೆವು.

ತಣ್ಣೀರಿನಲ್ಲಿ ಕದಡಿ ನಿಧಾನ ಬಿಸಿ ಮಾಡುವುದು ಮುಖ್ಯ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಕೆಲಸ ಮಾಡುವ ಮೊದಲೇ ಸಾಯುತ್ತದೆ. ಹದ ಬಂದ ಮೇಲೆ ಕೆಲವು ನಿಮಿಷ ಚೆನ್ನಾಗಿ ಕುದಿಯಬೇಕು. ಮೊಳಕೆ ಬರಿಸುವ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆದಿರುತ್ತವೆ, ಒಣಗಿಸಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಮೊಳಕೆ ಹಿಟ್ಟನ್ನು ಬಿಸಿನೀರಿನಲ್ಲಿ ಕದಡಿ ಹಾಗೆಯೇ ಕೊಡುವುದು ಬೇಡವೇ ಬೇಡ.

ಇನ್ನೊಂದು ಉಪಯೋಗ ತಂಗಿ ಕಂಡುಕೊಂಡಳು. ಅಕ್ಕಿ ಹೆಸರುಬೇಳೆಯ ಗಂಜಿ ಗಟ್ಟಿಯಾದರೆ, ಅದು ಬೆರಳು ತಾಗಿಸಲಾಗದಷ್ಟು ಬಿಸಿಯಾಗಿದ್ದು ಕುದಿ ನಿಂತಿರುವಾಗ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ಐದು ನಿಮಿಷ ಬಿಟ್ಟರೆ ಗಂಜಿಯೇ ಸಡಿಲವಾಗುತ್ತದೆ. ಆಮೇಲೆ ಮತ್ತೆ ಕುದಿಸಬೇಕು.

ಸಡಿಲವಾಯಿತೆಂದು ಬಾಟಲಿಗೆ ಹಾಕಿ ಕುಡಿಸುವುದಲ್ಲ. ಸರಿ ಚಮಚದ ಮೇಲೆ ನಿಲ್ಲುವಷ್ಟು ದಪ್ಪ ಇರಬೇಕು. ಮೊದಲ ದಿನಗಳಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಹೊತ್ತು. ಆಮೇಲೆ ಬೇಯಿಸುವ ಕೊನೆಗೆ ಅರ್ಧ ಚಮಚ ತುಪ್ಪ. ಉಪ್ಪು ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ಇದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ. ಸಪ್ಪೆ ಸರಿಯನ್ನು ಯಾರು ತಿನ್ನುತ್ತಾರೆ ಎಂಬುದು ಅವಳ ಪ್ರಶ್ನೆ. ಬೆಲ್ಲದ ರುಚಿ ಗೊತ್ತಿಲ್ಲದವಳು ತಿನ್ನುತ್ತಾಳೆ, ತಿನ್ನುತ್ತಲೂ ಇದ್ದಾಳೆ. ಮಲೆನಾಡಿನ ಮನೆಗಳಲ್ಲಿ ನಾಲಿಗೆಗೆ ಜೇನು ಸವರುವ ವಾಡಿಕೆ ಇದೆ. ವರ್ಷ ತುಂಬುವವರೆಗೆ ಜೇನು ಕೂಡದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು, ಕಾಡಿನ ಶುದ್ಧ ಜೇನಾದರೂ ಅಷ್ಟೇ.

ರಾಗಿಯೊಂದರಿಂದಲೇ ಎಲ್ಲವೂ ಸಿಗುತ್ತದೆ ಎಂಬ ಭ್ರಮೆಯೂ ಬೇಡ. ಆರು ತಿಂಗಳ ನಂತರ ಮಗುವಿಗೆ ಕಬ್ಬಿಣ ಬೇಕು, ರಾಗಿಯ ಕಬ್ಬಿಣ ಅಷ್ಟಾಗಿ ಮೈಗೆ ಹತ್ತುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ಹೆಸರುಕಾಳನ್ನೂ ಮೊಳಕೆ ಬರಿಸಿ ಒಣಗಿಸಿದೆವು. ಏಳು ಪಾಲು ರಾಗಿಗೆ ಮೂರು ಪಾಲು ಹೆಸರು. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಹೆಸರುಕಾಳಿನಲ್ಲಿ ಧಾರಾಳ. ಕೊಡುವಾಗ ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಹೀರಲು ಸಹಾಯ. ಮೊಟ್ಟೆ ತಿನ್ನುವ ಮನೆಯವರು ಮೊಟ್ಟೆಯನ್ನೂ ಶುರು ಮಾಡಬಹುದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆರಡು ಸಲ ಒಂದು ಮಿಲಿಲೀಟರಿನಂತೆ ಹಾಕುವುದನ್ನು ನಿಲ್ಲಿಸಬಾರದು.

ಡಬ್ಬಿ

ಹಿಟ್ಟು ಪೂರ್ತಿ ತಣ್ಣಗಾದ ಮೇಲೆ ತುಂಬಬೇಕು. ಮಿಕ್ಸಿಯಿಂದ ಬಂದ ಹಿಟ್ಟು ಬೆಚ್ಚಗಿರುತ್ತದೆ, ಹಾಗೆಯೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ. ಒಂದು ದೊಡ್ಡ ಡಬ್ಬಿಗಿಂತ ಚಿಕ್ಕ ಗಾಜಿನ ಬಾಟಲಿಗಳು ಮೇಲು. ಒಂದನ್ನು ತೆರೆದು ವಾರದೊಳಗೆ ಮುಗಿಸುವುದು, ಉಳಿದವು ಮುಚ್ಚಿಯೇ ಇರುವುದು. ಮಳೆಗಾಲದಲ್ಲಿ ಡಬ್ಬಿ ತೆರೆದಷ್ಟು ಸಲವೂ ಒಳಗೆ ತೇವ ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಬಾಟಲಿಯನ್ನು ಕೂಡಲೇ ತೆರೆಯಬಾರದು, ಹೊರಗಿನ ತೇವ ಹಿಟ್ಟಿನ ಮೇಲೆಯೇ ಇಬ್ಬನಿಯಾಗುತ್ತದೆ.

ಬಾದಾಮಿ ಗೋಡಂಬಿ ಪುಡಿ ಸೇರಿಸಿ ಇಡುವ ಆಸೆ ಮನೆಗೆ ಬರುವ ಎಲ್ಲರಿಗೂ ಇರುತ್ತದೆ. ರಾಗಿಯಲ್ಲಿ ಕೊಬ್ಬು ಶೇ. 2ರಷ್ಟೇ, ಅದಕ್ಕೇ ಹಿಟ್ಟು ಬಾಳುತ್ತದೆ. ಎಣ್ಣೆ ಇರುವ ಬೀಜ ಸೇರಿದ ದಿನದಿಂದ ಕಮಟಾಗುವ ಲೆಕ್ಕ ಶುರು. ಜೊತೆಗೆ, ಹೊಸ ಆಹಾರ ಒಂದೊಂದೇ ಶುರುವಾಗಬೇಕು, ನಡುವೆ ಮೂರು ದಿನ ಅಂತರ ಬೇಕು. ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿಟ್ಟರೆ ಮೈಮೇಲೆ ದದ್ದು ಎದ್ದಾಗ ಯಾವುದರಿಂದ ಎಂದು ಹೇಳುವುದು ಹೇಗೆ? ರಾಗಿ, ಹೆಸರು ಕೂಡ ಮೊದಲ ತಿಂಗಳು ಬೇರೆ ಬೇರೆ ಬಾಟಲಿಯಲ್ಲೇ ಇದ್ದವು.

ಬೇಯಿಸಿದ ಸರಿಯ ಕಥೆ ಬೇರೆ. ಹೊರಗೆ ಎರಡು ಗಂಟೆ ದಾಟಬಾರದು. ಫ್ರಿಜ್ಜಿನಲ್ಲಿ ಇಟ್ಟದ್ದು ಮಾರನೆಯ ದಿನದೊಳಗೆ ಮುಗಿಯಬೇಕು, ಅದೂ ಚೆನ್ನಾಗಿ ಕುದಿಸಿದ ಮೇಲೆ. ಬಟ್ಟಲಿನಲ್ಲಿ ಮಗುವಿನ ಎಂಜಲು ಚಮಚ ಆಡಿದ್ದನ್ನು ಎತ್ತಿಡಬಾರದು. ಎಂಜಲಿನಲ್ಲೂ ಅಮೈಲೇಸ್ ಇದೆ. ಉಳಿದ ಸರಿ ಅರ್ಧ ಗಂಟೆಯಲ್ಲಿ ನೀರಾಗಿರುವುದನ್ನು ತಾಯಂದಿರೆಲ್ಲ ನೋಡಿರುತ್ತಾರೆ. ಅದರ ಜೊತೆ ಬಾಯಿಯ ಬ್ಯಾಕ್ಟೀರಿಯವೂ ಸೇರಿರುತ್ತದೆ.

ತರಕಾರಿ, ಬೇಳೆಗೆ ಫ್ರೀಜರ್. ಸಿಹಿಕುಂಬಳ, ಕ್ಯಾರೆಟ್, ಸೇಬು ಆವಿಯಲ್ಲಿ ಬೇಯಿಸಿ ನುಣ್ಣಗೆ ಅರೆದು ಮಂಜುಗಡ್ಡೆಯ ತಟ್ಟೆಗೆ ಹಾಕಿ, ಗಟ್ಟಿಯಾದ ಮೇಲೆ ಡಬ್ಬಿಗೆ ವರ್ಗಾಯಿಸಿ, ತಾರೀಖಿನ ಚೀಟಿ ಅಂಟಿಸುವುದು. ಒಂದು ತಿಂಗಳೊಳಗೆ ಖಾಲಿ. ಬೇಕಾದಷ್ಟು ಬಿಲ್ಲೆ ನೇರವಾಗಿ ಪಾತ್ರೆಗೆ ಹಾಕಿ ಕುದಿಸಿದರಾಯಿತು, ಕರಗಿದ್ದನ್ನು ಮತ್ತೆ ಗಟ್ಟಿ ಮಾಡುವುದಿಲ್ಲ. ಪಾಲಕ್, ಬೀಟ್‌ರೂಟ್ ಮಾತ್ರ ಅಂದಂದಿಗೆ. ಅವುಗಳಲ್ಲಿ ನೈಟ್ರೇಟ್ ಹೆಚ್ಚು, ಅರೆದು ಇಟ್ಟಷ್ಟೂ ಹೊತ್ತು ಅದು ನೈಟ್ರೈಟ್ ಆಗಿ ಮಾರ್ಪಡಬಹುದು, ಅದು ಎಳೆಯ ರಕ್ತಕ್ಕೆ ಒಳ್ಳೆಯದಲ್ಲ.

ಇಲ್ಲಿ ಗಾಳಿ ಮಳೆಗೆ ಮರ ಬಿದ್ದು ಲೈನು ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳುವುದಿಲ್ಲ. ಫ್ರೀಜರಿನಲ್ಲಿ ಒಂದು ಲೋಟ ಮಂಜುಗಡ್ಡೆ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೇವೆ. ನಾಣ್ಯ ಮೇಲೆಯೇ ಇದ್ದರೆ ಬಿಲ್ಲೆಗಳು ಕ್ಷೇಮ. ಒಳಗೆ ಮುಳುಗಿ ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಡಬ್ಬಿ ಪೂರ್ತಿ ತಿಪ್ಪೆಗೆ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಕೆಳಗಿನ ಫ್ರಿಜ್ಜಿನ ಆಹಾರಕ್ಕೆ ನಾಲ್ಕು ಗಂಟೆಯಷ್ಟೇ ಗಡುವು.

ಬಾಕಿ ಕೆಲಸ

ಬಾಗಿಲಿನ ಸಂದಿಯಲ್ಲಿ ಬಿಸಿಗಾಳಿ ಸೋರುತ್ತಿದೆ, ಬಟ್ಟೆಯ ಪಟ್ಟಿ ಬಡಿಯಬೇಕು. ಫ್ಯಾನು ಗರಗರ ಎನ್ನಲು ಶುರು ಮಾಡಿದೆ. ಮುಂದಿನ ಸರದಿ ನೇಂದ್ರ ಬಾಳೆಕಾಯಿಯದು, ತೆಳುವಾಗಿ ಹೆಚ್ಚಿ ಒಣಗಿಸಿ ಪುಡಿ ಮಾಡುವುದು. ಪಕ್ಕದ ಮನೆಯವರು ಮೆಣಸಿನಕಾಯಿ ಬಾಳಕ ಒಣಗಿಸಲು ಪೆಟ್ಟಿಗೆ ಕೇಳಿದ್ದಾರೆ. ಪೆಟ್ಟಿಗೆ ಕೊಡುತ್ತೇನೆ, ತಟ್ಟೆ ಕೊಡುವುದಿಲ್ಲ. ಅವರಿಗೆ ಬೇರೆ ಮೂರು ತಟ್ಟೆ ಮಾಡಿಕೊಡುವುದೆಂದು ಮಾತಾಗಿದೆ, ಜಾಲರಿ ಅವರೇ ತರುತ್ತಾರೆ. ಮೆಣಸಿನಕಾಯಿ ಹೊರಬಂದ ಮೇಲೆ ಒಳಗಿನ ಹಲಗೆ, ತಗಡು ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಖಾಲಿ ಓಡಿಸದೆ ರಾಗಿ ಒಳಗೆ ಹೋಗುವುದಿಲ್ಲ.